ಸ್ಟೀರಾಯ್ಡ್ ತಗೊಂಡ್ರೆ ಲಿವರ್ ಹಾಳಾಗುತ್ತಾ?

ಲಿವರ್ ಕೋಶಗಳ ಮೇಲೆ ಕೆಲಸ ಮಾಡುತ್ತೇನೆ ಅಂದರೆ ಸಾಕು, ಮದುವೆ ಊಟದ ಪಂಕ್ತಿಯಲ್ಲೂ ಕೇಳುತ್ತಾರೆ: "ಸ್ಟೀರಾಯ್ಡ್‌ನಿಂದ ಲಿವರ್ ಹಾಳಾಗಿ ಶುಗರ್ ಬರುತ್ತಂತೆ, ಹೌದಾ?" ಹೇಳಿ ಹೇಳಿ ಸಾಕಾಗಿದೆ. ಶುಗರ್ ಏರುತ್ತದೆ, ನಿಜ. ಲಿವರ್ ಹಾಳಾಗಿ ಅಲ್ಲ. ಮೈ ಬೆಳೆಸಲು ನುಂಗುವ ಕೆಲವು ಸ್ಟೀರಾಯ್ಡ್ ಮಾತ್ರೆಗಳು ಲಿವರ್ ಕೆಡಿಸುತ್ತವೆ, ಆದರೆ ಅವು ಬೇರೆ ಜಾತಿ.

"ಹಾಳು" ಅನ್ನುವ ಮಾತು ಕೇಳಿದರೇ ನನಗೆ ಸಿಟ್ಟು. ನಮ್ಮ ದೊಡ್ಡಮ್ಮನಿಗೆ ಉಬ್ಬಸಕ್ಕೆ ಪ್ರೆಡ್ನಿಸೊಲೋನ್ ಎಂಬ ಸ್ಟೀರಾಯ್ಡ್ ಮಾತ್ರೆ ಕೊಟ್ಟಿದ್ದರು. ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಶುಗರ್ ಸರಿ ಇರುತ್ತಿತ್ತು, ಸಂಜೆ ಏರುತ್ತಿತ್ತು. ಯಾರೋ "ಲಿವರ್ ಹೋಯ್ತು" ಅಂದರು. ದೊಡ್ಡಮ್ಮ ಹೆದರಿ, ಯಾರಿಗೂ ಹೇಳದೆ ಮಾತ್ರೆ ನಿಲ್ಲಿಸಿದರು. ಮೂರನೇ ರಾತ್ರಿ ಉಸಿರು ಕಟ್ಟಿ ಆಸ್ಪತ್ರೆಗೆ ಓಡಿದೆವು.

ನಡೆಯುವುದು ಇಷ್ಟು. ನಮ್ಮ ಮೈಯಲ್ಲೇ ಹುಟ್ಟುವ ಕಾರ್ಟಿಸಾಲ್ ಹಾರ್ಮೋನಿನ ಕೆಲಸವನ್ನೇ ಈ ಮಾತ್ರೆ ಮಾಡುತ್ತದೆ. ಎಣ್ಣೆಯಲ್ಲಿ ಕರಗುವ ಗುಣ ಇರುವುದರಿಂದ ಕೋಶದ ಪೊರೆ ದಾಟುವುದು ಸುಲಭ. ಒಳಗೆ ರಿಸೆಪ್ಟರ್ ಎಂಬ ಪ್ರೋಟೀನ್ ಅದನ್ನು ಹಿಡಿದು, ಡಿಎನ್‌ಎ ಇರುವ ನ್ಯೂಕ್ಲಿಯಸ್‌ಗೆ ಹೋಗುತ್ತದೆ. ಡಿಎನ್‌ಎ ಮೇಲೆ ಸುಮಾರು 15 ಅಕ್ಷರಗಳ ಒಂದು ಗುರುತು ಹುಡುಕಿ ಕೂರುತ್ತದೆ. ಆಗ ಪೆಪ್‌ಸಿಕೆ ಎಂಬ ಕಿಣ್ವದ ಜೀನ್ ಜಾಸ್ತಿ ಕೆಲಸ ಮಾಡುತ್ತದೆ, ಲಿವರ್ ಹೊಸದಾಗಿ ಸಕ್ಕರೆ ತಯಾರಿಸುತ್ತದೆ. ಜೀನ್‌ನಿಂದ ಕಿಣ್ವ ಆಗಲು ಗಂಟೆಗಳು ಬೇಕು. ಜೊತೆಗೆ ಮಾಂಸಖಂಡಗಳೂ ಇನ್ಸುಲಿನ್ ಮಾತು ಸರಿಯಾಗಿ ಕೇಳುವುದಿಲ್ಲ. ಬೆಳಗಿನ ಮಾತ್ರೆಗೆ ಸಂಜೆ ಶುಗರ್ ಏರುವುದು ಹೀಗೆ. ಉಪವಾಸವಿದ್ದಾಗ ಮಿದುಳಿಗೆ ಸಕ್ಕರೆ ಒದಗಿಸುವುದೂ ಲಿವರ್‌ನ ಇದೇ ಕೆಲಸ. ಇದನ್ನು ಹಾಳು ಅಂತೀರಾ?

ಸರಿಯಾದ ಪ್ರಶ್ನೆ ಕೇಳಿದ್ದು ದೊಡ್ಡಮ್ಮ ಮಾತ್ರ. ಆಸ್ಪತ್ರೆ ಮಂಚದ ಮೇಲೆ ಕೂತು, "ಅಲ್ಲ ಕಣೋ, ಎದೆಗೆ ಅಂತ ಕೊಟ್ಟ ಮಾತ್ರೆ ಲಿವರ್‌ನಲ್ಲಿ ಬೇರೆ ಕೆಲಸ ಯಾಕೆ ಮಾಡುತ್ತೆ?" ಅಂದರು.

ಎಲ್ಲರೂ ಇದನ್ನೇ ಕೇಳಬಾರದಾ! ಆ ರಿಸೆಪ್ಟರ್ ಹೆಚ್ಚುಕಡಿಮೆ ಎಲ್ಲ ಕೋಶದಲ್ಲೂ ಇದೆ, ಡಿಎನ್‌ಎಯೂ ಒಂದೇ. ಆದರೆ ಡಿಎನ್‌ಎ ಎಲ್ಲ ಕಡೆ ಒಂದೇ ಥರ ಬಿಚ್ಚಿಕೊಂಡಿರುವುದಿಲ್ಲ. ಲಿವರ್‌ನಲ್ಲಿ ಫಾಕ್ಸ್‌ಎ, ಎಚ್‌ಎನ್‌ಎಫ್4 ಎಂಬ ಪ್ರೋಟೀನ್‌ಗಳು ಸಕ್ಕರೆಯ ಜೀನ್‌ಗಳ ಹತ್ತಿರ ಮೊದಲೇ ಜಾಗ ಬಿಡಿಸಿಟ್ಟಿರುತ್ತವೆ. ರಿಸೆಪ್ಟರ್ ಹೆಚ್ಚಾಗಿ ಹೀಗೆ ತೆರೆದ ಜಾಗದಲ್ಲೇ ಕೂರುತ್ತದೆ. ಶ್ವಾಸನಾಳದಲ್ಲಿ ತೆರೆದಿರುವ ಜಾಗಗಳೇ ಬೇರೆ. ಅಲ್ಲಿ ಅದು ಊತ ತರುವ ಜೀನ್‌ಗಳನ್ನು ತಗ್ಗಿಸುತ್ತದೆ.

"ಹಾಗಾದ್ರೆ ಮಾತ್ರೆ ಒಂದೇ, ಓದೋರು ಬೇರೆ ಬೇರೆ" ಅಂದರು ದೊಡ್ಡಮ್ಮ. ಈಗ ಡಾಕ್ಟರ್ ಹೇಳಿದಷ್ಟು ದಿನ ಮಾತ್ರೆ ತಗೊಳ್ಳುತ್ತಾರೆ. ಶುಗರ್ ನೋಡುವುದು ಸಂಜೆ.