ಅಡಿಲೇಡ್‌ನ ಆ ಪುಟ್ಟ ತಂಡ

ನಿನ್ನೆ ರಾತ್ರಿ ಮತ್ತೆ ‘ಹಾಲೋ ನೈಟ್’ ಎಂಬ ವಿಡಿಯೋ ಗೇಮ್ ಆಡಲು ಕೂತೆ. ಮಲಗುವಾಗ ಎರಡು ಗಂಟೆ. ಆ ಪುಟ್ಟ ಹುಳು ಕೈಯಲ್ಲಿ ಮೊಳೆ ಹಿಡಿದು, ಪಾಳುಬಿದ್ದ ರಾಜ್ಯದೊಳಗೆ ಒಂಟಿಯಾಗಿ ಇಳಿಯುವುದನ್ನು ನೋಡಿದರೆ ಈಗಲೂ ಎದೆ ಒಂಥರಾ ಆಗುತ್ತದೆ.

ಇದನ್ನು ಮಾಡಿದ ಟೀಮ್ ಚೆರ್ರಿ ಆಸ್ಟ್ರೇಲಿಯಾದ ಅಡಿಲೇಡ್‌ನದು. ಶುರು ಮಾಡಿದವರು ಆರಿ ಗಿಬ್ಸನ್ ಮತ್ತು ವಿಲಿಯಂ ಪೆಲೆನ್. 2014ರ ಕೊನೆಯಲ್ಲಿ ಕಿಕ್‌ಸ್ಟಾರ್ಟರ್ ಎಂಬ ಜಾಲತಾಣದಲ್ಲಿ ಜನರ ಹತ್ತಿರ ದುಡ್ಡು ಕೇಳಿದರು. ಕೇಳಿದ್ದು 35,000 ಆಸ್ಟ್ರೇಲಿಯನ್ ಡಾಲರ್, ಬಂದದ್ದು 57,000ಕ್ಕೂ ಜಾಸ್ತಿ. 2017ರ ಫೆಬ್ರವರಿಯಲ್ಲಿ ಆಟ ಬಂತು.

ಆಮೇಲಿನ ಕಥೆ ನನಗೆ ಇನ್ನೂ ಇಷ್ಟ. ದುಡ್ಡು ಕೊಟ್ಟವರಿಗೆ ಇನ್ನೊಂದು ಪಾತ್ರವಾಗಿಯೂ ಆಡಲು ಬಿಡುತ್ತೇವೆ ಎಂದು ಮಾತು ಕೊಟ್ಟಿದ್ದರು. ಆ ಮಾತೇ ಬೆಳೆದು ಬೆಳೆದು ‘ಸಿಲ್ಕ್‌ಸಾಂಗ್’ ಎಂಬ ಬೇರೆಯದೇ ಆಟವಾಯಿತು. ಅದು ಬರುತ್ತದೆ ಎಂದು 2019ರಲ್ಲಿ ಹೇಳಿದರು, ನಮ್ಮ ಕೈಗೆ ಸಿಕ್ಕಿದ್ದು 2025ರ ಸೆಪ್ಟೆಂಬರ್ 4ಕ್ಕೆ. ಇಷ್ಟು ತಡ ಯಾಕೆ ಅಂದರೆ, ಕೆಲಸ ಖುಷಿ ಕೊಡುತ್ತಿತ್ತು, ಹೊಸ ಐಡಿಯಾ ಬರುತ್ತಲೇ ಇತ್ತು ಎಂದು ಇಬ್ಬರೂ ಹೇಳಿಕೊಂಡಿದ್ದಾರೆ. ಬಿಡುಗಡೆಯ ದಿನ ಎಷ್ಟು ಜನ ಮುಗಿಬಿದ್ದರೆಂದರೆ ಆಟಗಳನ್ನು ಮಾರುವ ಸ್ಟೀಮ್ ಎಂಬ ಆನ್‌ಲೈನ್ ಅಂಗಡಿಯೇ ಸ್ವಲ್ಪ ಹೊತ್ತು ನಿಂತುಹೋಯಿತು!

ಕಾಯುವಾಗ ನನಗೂ ಸಿಟ್ಟು ಬಂದಿತ್ತು. ಆದರೆ ಮೊದಲ ಆಟ ಅಷ್ಟು ಗೆದ್ದ ಮೇಲೂ ನೂರು ಜನರನ್ನು ಸೇರಿಸಿಕೊಳ್ಳದೆ, ಅದೇ ಬೆರಳೆಣಿಕೆಯ ಜನ ಕೂತು ಒಂದೊಂದು ಹುಳುವಿನ ಚಿತ್ರವನ್ನೂ ಕೈಯಾರೆ ಬಿಡಿಸಿದರಲ್ಲ, ಅದಕ್ಕೆ ಎಂಥ ತಾಳ್ಮೆ ಬೇಕು ಅಲ್ವಾ?

ಇವತ್ತು ರಾತ್ರಿ ಹಾಲೋ ನೈಟ್ ಆಟದೊಳಗಿನ ‘ಸಿಟಿ ಆಫ್ ಟಿಯರ್ಸ್’ ಎಂಬ ಊರಿಗೆ ಹೋಗಬೇಕು. ಅಲ್ಲಿ ಯಾವಾಗಲೂ ಮಳೆ.