ಕಬ್ಬಿಣದ ಗುಳಿಗೆಯ ಮೇಲೆ ಹಾಕಿದ ತಪ್ಪು

ಸಿಂಧನೂರು ಭಾಗದಲ್ಲಿ ಭತ್ತದ ನಾಟಿ ಶುರುವಾಯಿತೆಂದರೆ ನಮ್ಮ ಸರ್ಕಾರಿ ಆಸ್ಪತ್ರೆಯ ಒಪಿಡಿಯಲ್ಲಿ (ಹೊರರೋಗಿ ವಿಭಾಗ) ಸೊಂಟ, ಮೊಣಕಾಲು, ಬೆರಳಗಂಟುಗಳದ್ದೇ ದೂರು. ಅಂಥದೊಂದು ಸೋಮವಾರ, ಟೋಕನ್ ನೂರು ದಾಟಿದ್ದ ಹೊತ್ತಿನಲ್ಲಿ, ರುಮಟಾಯ್ಡ್ ಸಂಧಿವಾತಕ್ಕೆ ವಾರಕ್ಕೊಮ್ಮೆ ಮೆಥೋಟ್ರೆಕ್ಸೇಟ್, ನೋವಿಗೆ ದಿನಕ್ಕೆರಡು ಡೈಕ್ಲೋಫಿನ್ಯಾಕ್ ನುಂಗುತ್ತಿದ್ದ ಹಿರಿಯ ಹೆಣ್ಣುಮಗಳೊಬ್ಬರು ನನ್ನೆದುರು ಕುಳಿತು, “ಹೊರಕಡಿ ಕರ್ರಗ ಆಗ್ತದ್ರಿ ಸಾರ್” ಎಂದರು. ರಕ್ತ ಕಡಿಮೆಯಿದೆಯೆಂದು ಹಿಂದಿನ ತಿಂಗಳು ಕಬ್ಬಿಣದ ಗುಳಿಗೆ ಬರೆದವನು ನಾನೇ. “ಆ ಗುಳಿಗಿಗೆ ಹಂಗಾಗ್ತದಮ್ಮ, ಹೆದರಬ್ಯಾಡ್ರಿ” ಎಂದು ಚೀಟಿಯಿಂದ ತಲೆಯೆತ್ತದೆ ಹೇಳಿ ಮುಂದಿನ ಟೋಕನ್ ಕರೆದೆ.

ಕಬ್ಬಿಣಕ್ಕೆ ಮಲ ಕಪ್ಪಾಗುವುದು ನಿಜವೇ. ಆದರೆ ಅದರಲ್ಲಿ ಹಸಿರು ಛಾಯೆಯಿರುತ್ತದೆ, ಅದು ಅಂಟುವುದಿಲ್ಲ. ಜಠರದಲ್ಲಿ ಸೋರಿದ ರಕ್ತ ಜೀರ್ಣವಾಗಿ ಬಂದರೆ ಬಿಸಿಲಿಗೆ ಕರಗಿದ ಡಾಂಬರಿನಂತೆ ಅಂಟಂಟಾಗಿರುತ್ತದೆ, ಅದರ ನಾತವೇ ಬೇರೆ. ಇದನ್ನು ಕೇಳಲು ಅರ್ಧ ನಿಮಿಷ ಸಾಕಿತ್ತು. ನಾನು ಕೇಳಿದ್ದು ಹೊಟ್ಟೆನೋವಿದೆಯೇ ಎಂದಷ್ಟೇ, ಇಲ್ಲವೆಂದಾಗ ನಿರಾಳನಾದೆ. ನೋವಿನ ಗುಳಿಗೆ ತಿನ್ನುವವರ ಹುಣ್ಣು ನೋಯದೆಯೂ ಸೋರಬಲ್ಲದೆಂಬುದು ಓದಿದ ವಿಷಯ. ಅದಕ್ಕಿಂತ ಹೆಚ್ಚು ಚುಚ್ಚುವುದೆಂದರೆ, ಹಿಂದಿನ ತಿಂಗಳು ರಕ್ತ ಕಡಿಮೆಯೆಂದು ಕಂಡಾಗಲೇ ಅದು ಎಲ್ಲಿಗೆ ಹೋಗುತ್ತಿದೆಯೆಂದು ನಾನು ಯೋಚಿಸಿರಲಿಲ್ಲ.

ಬುಧವಾರ ರಾತ್ರಿ ನನ್ನದೇ ಕ್ಯಾಶುವಾಲ್ಟಿ ಡ್ಯೂಟಿ. ಸ್ಟ್ರೆಚರಿನ ಮೇಲೆ ಅವರೇ. ಉಗುರು ಸುಣ್ಣದಂತೆ ಬಿಳಿ, ನಾಡಿ 124, ಬಿಪಿ 90. ಸೊಟ್ಟಗಾಗಿ ಊದಿದ ಕೈಗಳಲ್ಲಿ ಎರಡು ಬಾರಿ ಚುಚ್ಚಿದರೂ ನರ ಸಿಗಲಿಲ್ಲ. ಸಿಸ್ಟರ್ ನನ್ನನ್ನು ಪಕ್ಕಕ್ಕೆ ಸರಿಸಿ ಮೊಣಕೈ ಮಡಿಕೆಯಲ್ಲಿ ಲೈನ್ ಹಾಕಿದರು. 108 ಬರುವವರೆಗೆ ಮಗನ ಕೈಚೀಲ ಸುರುವಿ ನೋಡಿದರೆ, ನಾನು ಬರೆದ ಸ್ಟ್ರಿಪ್ಪಿನ ಜೊತೆಗೆ ಕಾಗದದ ಪೊಟ್ಟಣಗಳಲ್ಲಿ ಬಿಡಿ ಗುಳಿಗೆಗಳು, ಊರಿನ ಅಂಗಡಿಯ ‘ಸೆಟ್’. ಫೋನಿನಲ್ಲಿ ಅಂಗಡಿಯವನು ಸಂಕೋಚವಿಲ್ಲದೆ ಹೇಳಿದ: ಒಂದು ಡೈಕ್ಲೋಫಿನ್ಯಾಕ್, ಒಂದು ಡೆಕ್ಸಾಮೆಥಸೋನ್. ಅಂದರೆ ನೋವಿನ ಗುಳಿಗೆ ದುಪ್ಪಟ್ಟು, ಮೇಲೆ ಸ್ಟಿರಾಯ್ಡ್. ಹುಣ್ಣು ಸೋರುವುದಕ್ಕೆ ಇದಕ್ಕಿಂತ ಕೆಟ್ಟ ಜೋಡಿ ಹುಡುಕಬೇಕಿಲ್ಲ. “ಅವು ಅಂಗಡಿ ಗುಳಿಗಿ, ನೀವು ಕೇಳ್ಲಿಲ್ಲಲ್ರಿ” ಎಂದ ಮಗ.

ಹೊಟ್ಟೆಯ ರಕ್ಷಣೆಗೆಂದು ನಾನು ಬರೆದಿದ್ದು ರಾನಿಟಿಡಿನ್. ಜಠರವನ್ನೂ ಕಾಯುವ ಪ್ಯಾಂಟೊಪ್ರಜೋಲ್ ಖಾಲಿಯಾಗಿ ಎರಡು ತಿಂಗಳಾಗಿತ್ತು, ಔಷಧಿ ಬೇಕೆಂದು ಕಳಿಸಿದ ಇಂಡೆಂಟಿಗೆ ಉತ್ತರವಿರಲಿಲ್ಲ, ಹೊರಗಡೆಯ ಅಂಗಡಿಗೆ ಬರೆದರೆ ಮೇಲಿನವರಿಂದ ವಿವರಣೆ ಕೇಳುವ ಪತ್ರ. ಮಾಮೂಲಿ ಡೋಸಿನ ರಾನಿಟಿಡಿನ್ ಕರುಳಿನ ಮೊದಲ ಭಾಗವನ್ನು ಕಾಯಬಹುದೇ ಹೊರತು ಜಠರವನ್ನಲ್ಲ ಎಂದು ತಿಳಿದೂ, ಪತ್ರದ ತಾಪತ್ರಯ ಬೇಡವೆಂದು ಬರೆದಿದ್ದೆ. ರಾಯಚೂರಿನಲ್ಲಿ ಎಂಡೋಸ್ಕೋಪಿ ಮಾಡಿದಾಗ ಹುಣ್ಣು ಕಂಡದ್ದು ಜಠರದಲ್ಲೇ. ಮೂರು ಬಾಟಲಿ ರಕ್ತ ಹಿಡಿಯಿತು. ನಮ್ಮ ಮಾಸಿಕ ಸಭೆಯಲ್ಲಿ ಚರ್ಚೆಯಾದದ್ದು ರೆಫರಲ್ ಚೀಟಿಯ ಮೂರನೆಯ ಪ್ರತಿ ಎಲ್ಲಿ ಹೋಯಿತೆಂದು.

ಆರು ವಾರದ ನಂತರ ತಾಯಿಯನ್ನು ಕರೆತಂದ ಮಗ, “ಗುಳಿಗಿ ಬ್ಯಾಡಂದ್ರ ಸೂಜಿನರ ಮಾಡ್ರಿ, ಅದು ಹೊಟ್ಟಿಗೆ ಹೋಗಂಗಿಲ್ಲಲ್ರಿ” ಎಂದ. ಡೈಕ್ಲೋಫಿನ್ಯಾಕ್ ಯಾವ ದಾರಿಯಿಂದ ಹೋದರೂ ರಕ್ತಕ್ಕೆ ಸೇರಿ, ಜಠರದ ಒಳಪದರವನ್ನು ಕಾಯುವ ಪ್ರೊಸ್ಟಾಗ್ಲಾಂಡಿನ್ನನ್ನೇ ತಗ್ಗಿಸುತ್ತದೆಂದು ಅವನಿಗೆ ತಿಳಿಯುವಂತೆ ಹೇಳುವಷ್ಟರಲ್ಲಿ ಹೊರಗೆ ಸಾಲು ಗಲಾಟೆ ಶುರುಮಾಡಿತ್ತು. ಪ್ಯಾಂಟೊಪ್ರಜೋಲನ್ನು ಹೊರಗಿನ ಅಂಗಡಿಗೇ ಬರೆದುಕೊಟ್ಟೆ; ವಿವರಣೆ ಕೇಳುವ ಪತ್ರ ಮರುವಾರವೇ ಬಂತು.