ಮಲ್ಲಿ ಇದೆಲ್ಲ ತಿನ್ನೋ ಆಸೆಗೆ ಮಾಡ್ತಾಳಾ, ಇಷ್ಟಪಟ್ಟು ಮಾಡ್ತಾಳಾ?

ಮಲ್ಲಿ ನನ್ನ ಪೋನಿ. ಹೆಗಲವರೆಗೆ ಸುಮಾರು 148 ಸೆಂಟಿಮೀಟರಿಗಿಂತ ಗಿಡ್ಡ ಇರುವ ಕುದುರೆಗಳನ್ನು ಸಾಮಾನ್ಯವಾಗಿ ಪೋನಿ ಅಂತಾರೆ. ಮಲ್ಲಿ ಅದಕ್ಕಿಂತ ತುಂಬಾ ಗಿಡ್ಡ. ಅವಳ ಬೆನ್ನು ನನ್ನ ಸೊಂಟಕ್ಕೆ ಬರುತ್ತದೆ. ನಾನು ಅವಳ ಮೇಲೆ ಕೂರುವುದಿಲ್ಲ, ಗಾಡಿಯನ್ನೂ ಎಳೆಸುವುದಿಲ್ಲ. ನಾವಿಬ್ಬರೂ ಸೇರಿ ಆಟ ಆಡುತ್ತೇವೆ. ಅವಳು ಮುಂಗಾಲು ಮಡಚಿ ಬಾಗಿ ವಂದಿಸುತ್ತಾಳೆ. ಮರದ ಪೀಠದ ಮೇಲೆ ನಾಲ್ಕೂ ಕಾಲಿಟ್ಟು ನಿಲ್ಲುತ್ತಾಳೆ. ಕೆಳಗೆ ಬಿದ್ದ ಟೋಪಿಯನ್ನು ಹಲ್ಲಲ್ಲಿ ಎತ್ತಿ ಕೊಡುತ್ತಾಳೆ. ಚೆಂಡನ್ನು ಮೂತಿಯಿಂದ ತಳ್ಳಿಕೊಂಡು ಬರುತ್ತಾಳೆ. ಮಲಗು ಅಂದರೆ ಮಲಗುತ್ತಾಳೆ.

ನೋಡಿದವರು ಚಪ್ಪಾಳೆ ತಟ್ಟುತ್ತಾರೆ. ಆಮೇಲೆ ಯಾರಾದರೊಬ್ಬರು ಕೇಳಿಯೇ ಕೇಳುತ್ತಾರೆ: "ಅವಳಿಗೆ ಇದೆಲ್ಲ ನಿಜವಾಗ್ಲೂ ಇಷ್ಟಾನಾ? ಇಲ್ಲ, ತಿನ್ನೋಕೆ ಸಿಗುತ್ತೆ ಅಂತ ಮಾಡ್ತಾಳಾ?"

ಈ ಪ್ರಶ್ನೆ ಕೇಳುವವರು ನನಗೆ ಇಷ್ಟ. ಅವರು ಆಟಕ್ಕಿಂತ ಮಲ್ಲಿಯನ್ನು ಜಾಸ್ತಿ ನೋಡಿದ್ದಾರೆ ಅಂತ ಅರ್ಥ. ಹಾಗಾಗಿ ನಿಧಾನವಾಗಿ, ಪೂರ್ತಿಯಾಗಿ ಉತ್ತರ ಹೇಳುತ್ತೇನೆ.

ತಿನ್ನೋ ಆಸೆ ಇದೆ, ಖಂಡಿತ ಇದೆ. ಕುದುರೆಯ ಹೊಟ್ಟೆ ಅದರ ಮೈಗೆ ಹೋಲಿಸಿದರೆ ಚಿಕ್ಕದು. ಒಂದೇ ಸಲ ತುಂಬಿಸಿಕೊಳ್ಳುವ ಪ್ರಾಣಿ ಅಲ್ಲ ಅದು. ಸ್ವಲ್ಪ ಸ್ವಲ್ಪವೇ, ದಿನದ ಅರ್ಧಕ್ಕಿಂತ ಹೆಚ್ಚು ಹೊತ್ತು ಮೇಯುತ್ತಲೇ ಇರಬೇಕು. ಹಾಗೆ ಬದುಕುವ ಜೀವಕ್ಕೆ ತಿನಿಸು ಸಣ್ಣ ವಿಷಯವಲ್ಲ. ಆದರೆ ತಿನಿಸು ತೆಗೆದುಕೊಂಡ ಮಾತ್ರಕ್ಕೆ ಆಟ ಇಷ್ಟವಿಲ್ಲ ಅಂತ ಆಗುವುದಿಲ್ಲ ಅಲ್ವಾ? ಸಂಬಳ ತೆಗೆದುಕೊಳ್ಳುವ ಮೇಷ್ಟ್ರಿಗೆ ಪಾಠ ಹೇಳುವುದು ಇಷ್ಟವಿಲ್ಲ ಅಂತ ನಾವು ಯಾವತ್ತೂ ಅನ್ನುವುದಿಲ್ಲ. ಮೇಷ್ಟ್ರಿಗೆ ಇಷ್ಟ ಇದೆಯೋ ಇಲ್ಲವೋ ಅನ್ನುವುದು ಅವರು ತರಗತಿಯೊಳಗೆ ಬರುವ ರೀತಿಯಲ್ಲೇ ಗೊತ್ತಾಗುತ್ತದೆ. ಮಲ್ಲಿಯದೂ ಹಾಗೇ.

ಕಲಿಸುವ ರೀತಿ ಹೇಳುತ್ತೇನೆ. ನನ್ನ ಕೈಯಲ್ಲಿ ಒಂದು ಪುಟ್ಟ ಕ್ಲಿಕ್ಕರ್ ಇರುತ್ತದೆ. ಒತ್ತಿದರೆ 'ಟಕ್' ಅನ್ನುತ್ತದೆ, ಅಷ್ಟೇ. ಟಕ್ ಅಂದರೆ ತಿನಿಸು ಬರುತ್ತದೆ ಅಂತ ಅವಳಿಗೆ ಮೊದಲು ಗೊತ್ತಾಗಬೇಕು. ಆಮೇಲೆ ನನಗೆ ಬೇಕಾದದ್ದನ್ನು ಅವಳು ಮಾಡಿದ ಕ್ಷಣಕ್ಕೆ ಸರಿಯಾಗಿ ಟಕ್. ತಿನಿಸು ಕೈಗೆ ಬರುವುದು ಚೂರು ತಡವಾದರೂ ನಡೆಯುತ್ತದೆ, ಟಕ್ ಮಾತ್ರ ತಡವಾಗಬಾರದು. ಯಾವುದಕ್ಕೆ ತಿನಿಸು ಸಿಕ್ಕಿತು ಅಂತ ಅವಳಿಗೆ ಹೇಳುವುದೇ ಆ ಸದ್ದು. ಇದೇನೂ ಹೊಸದಲ್ಲ. ಮನೋವಿಜ್ಞಾನಿ ಬಿ. ಎಫ್. ಸ್ಕಿನ್ನರ್ ಅವರ ಬಳಿ ಕಲಿತ ಕೆಲ್ಲರ್ ಮತ್ತು ಮರಿಯನ್ ಬ್ರೆಲಾಂಡ್ ದಂಪತಿ 1940ರ ದಶಕದಲ್ಲೇ ಈ ದಾರಿಯಲ್ಲಿ ಬಗೆಬಗೆಯ ಪ್ರಾಣಿಗಳಿಗೆ ಕಲಿಸಲು ಶುರು ಮಾಡಿದ್ದರು.

ಎಲ್ಲಕ್ಕಿಂತ ಮೊದಲ ಪಾಠ ಯಾವುದು ಗೊತ್ತಾ? ತಿನಿಸಿನ ಚೀಲದಿಂದ ಮುಖ ಆಚೆ ತಿರುಗಿಸುವುದು. ಚೀಲಕ್ಕೆ ಮೂತಿ ತೂರಿಸಿದರೆ ಏನೂ ಸಿಗುವುದಿಲ್ಲ. ಮುಖ ತಿರುಗಿಸಿ ಸುಮ್ಮನೆ ನಿಂತರೆ ಟಕ್. ಇದನ್ನು ಕಲಿಸದೆ ಆಟಕ್ಕೆ ಇಳಿದರೆ ಪೋನಿ ಜೇಬು ಎಳೆಯುವುದು, ಬೆರಳು ಕಚ್ಚುವುದು ಕಲಿಯುತ್ತದೆ. ಆಗ ತಪ್ಪು ಪೋನಿಯದಲ್ಲ. ಇನ್ನೊಂದು ಮಾತು, ಇದನ್ನು ಎಲ್ಲರಿಗೂ ಒತ್ತಿ ಹೇಳುತ್ತೇನೆ: ತಿನಿಸು ಅಂದರೆ ಉಗುರಿನಷ್ಟು ಕ್ಯಾರೆಟ್ ಚೂರು, ಇಲ್ಲವೇ ಒಣಹುಲ್ಲಿನ ಉಂಡೆ. ಸಕ್ಕರೆ ಬೇಡವೇ ಬೇಡ. ಪೋನಿಗಳು ಕಡಿಮೆ ಮೇವಿನಲ್ಲೂ ಬೇಗ ದಪ್ಪ ಆಗುತ್ತವೆ. ಸಿಹಿ ಜಾಸ್ತಿಯಾದರೆ ಲ್ಯಾಮಿನೈಟಿಸ್ ಅನ್ನುವ ಗೊರಸಿನ ಕಾಯಿಲೆ ಬರಬಹುದು. ಗೊರಸಿನೊಳಗೆ ಉರಿಯೂತವಾಗಿ, ನೆಲಕ್ಕೆ ಕಾಲಿಟ್ಟರೆ ಜೀವ ಹೋಗುವಷ್ಟು ನೋವು. ಪ್ರೀತಿ ತೋರಿಸೋಕೆ ಹೋಗಿ ನೋವು ಕೊಡೋದು ಯಾಕೆ?

ಪೂರ್ತಿ ಆಟವನ್ನು ಒಂದೇ ಸಲ ಕೇಳುವುದೂ ಇಲ್ಲ. ಬಾಗಿ ವಂದಿಸುವುದನ್ನೇ ನೋಡಿ. ಕ್ಯಾರೆಟ್ ಚೂರನ್ನು ಅವಳ ಮುಂಗಾಲುಗಳ ನಡುವೆ ಹಿಡಿಯುತ್ತೇನೆ. ಮೂತಿ ಕೆಳಗೆ ಬಂದರೆ ಟಕ್. ಮರುದಿನ ಮೂತಿ ಇನ್ನೂ ಸ್ವಲ್ಪ ಹಿಂದಕ್ಕೆ ಹೋದರೆ ಟಕ್. ಮೈಭಾರ ಹಿಂಗಾಲಿಗೆ ಸರಿದರೆ ಟಕ್. ಒಂದು ಮಂಡಿ ಚೂರು ಮಡಚಿದರೆ ಟಕ್. ಒಂದೊಂದು ಪಾಠವೂ ಐದು ಹತ್ತು ನಿಮಿಷ ಅಷ್ಟೇ. ಅವಳಿಗೆ ಇನ್ನೂ ಬೇಕು ಅನ್ನಿಸುವಾಗಲೇ ನಿಲ್ಲಿಸುತ್ತೇನೆ.

ಈಗ ನಿಜವಾದ ಉತ್ತರಕ್ಕೆ ಬರುತ್ತೇನೆ. ಅವಳಿಗೆ ಇಷ್ಟ ಅಂತ ನನಗೆ ಹೇಗೆ ಗೊತ್ತು? ಅವಳು ಬೇಡ ಅನ್ನಬಹುದು, ಅದಕ್ಕೇ ಗೊತ್ತು.

ನಾವು ಆಡುವಾಗ ಹಗ್ಗ ಇರುವುದಿಲ್ಲ. ಬಾಗಿಲು ತೆರೆದಿರುತ್ತದೆ, ಆಚೆ ಹುಲ್ಲು ಬಿದ್ದಿರುತ್ತದೆ, ಅವಳ ಜೊತೆಗಾರ ಪೋನಿ ಅಲ್ಲೇ ಮೇಯುತ್ತಿರುತ್ತಾನೆ. ಹಸಿದ ಹೊಟ್ಟೆಯಲ್ಲಿ ಪಾಠ ಇಲ್ಲವೇ ಇಲ್ಲ. ಅವಳು ಹೊರಟರೆ ಆವತ್ತಿನ ಆಟ ಮುಗಿಯಿತು. ನಾನು ಹಿಂದೆ ಹೋಗಿ ಕರೆಯುವುದಿಲ್ಲ. ಕೆಲವು ದಿನ ಹಾಗೆ ಹೋಗುತ್ತಾಳೆ, ಗಾಳಿ ಜೋರಾಗಿದ್ದಾಗ, ಸೊಳ್ಳೆ ನೊಣ ಕಾಡುವಾಗ, ಸುಮ್ನೆ ಮನಸ್ಸಿಲ್ಲದಾಗ. ಉಳಿದ ಬಹುಪಾಲು ದಿನ ಹುಲ್ಲು ಬಿಟ್ಟು ಬಂದು, ನಾನು ಪೀಠ ಎಳೆದು ತರುವ ಮೊದಲೇ ಅದು ಇರಬೇಕಾದ ಜಾಗದಲ್ಲಿ ನಿಂತು ಕಾಯುತ್ತಾಳೆ. ಕಿವಿ ಎರಡೂ ಮುಂದಕ್ಕೆ.

ಅವಳ ಮುಖ ಓದುವುದನ್ನು ನಾನು ಕಲಿತದ್ದು ಅವಳು ಆಟ ಕಲಿತದ್ದಕ್ಕಿಂತ ನಿಧಾನವಾಗಿ. ಕುದುರೆಯ ಮುಖ ನಾವು ಅಂದುಕೊಂಡಷ್ಟು ಮೂಕ ಅಲ್ಲ. ಇಂಗ್ಲೆಂಡಿನ ಸಸೆಕ್ಸ್ ವಿಶ್ವವಿದ್ಯಾಲಯದ ಸಂಶೋಧಕರು 2015ರಲ್ಲಿ ಕುದುರೆಯ ಮುಖದ ಚಲನೆಗಳನ್ನೆಲ್ಲ ಪಟ್ಟಿ ಮಾಡಿದಾಗ 17 ಬೇರೆ ಬೇರೆ ಚಲನೆಗಳು ಸಿಕ್ಕವು. ಮನುಷ್ಯರಲ್ಲಿ 27. ಮೂಗಿನ ಹೊಳ್ಳೆ ಬಿಗಿಯಾಯಿತಾ, ಕಣ್ಣಿನ ಮೇಲೆ ಸುಕ್ಕು ಬಿತ್ತಾ, ಕೆಳತುಟಿ ಗಟ್ಟಿಯಾಯಿತಾ ಅಂತ ನಾನು ನೋಡುತ್ತಲೇ ಇರುತ್ತೇನೆ. ಬಾಲ ಸಟ್ಟನೆ ಬೀಸಿದರೆ, ಅಲ್ಲಿ ನೊಣವೂ ಇಲ್ಲದಿದ್ದರೆ, ಅದು ನನಗೆ ಹೇಳಿದ ಮಾತು.

ಕುದುರೆಗಳಿಗೆ ಬೇಕು ಬೇಡ ಹೇಳುವುದು ಗೊತ್ತಾ ಅಂತ ಅನುಮಾನ ಇದ್ದವರಿಗೆ ನಾರ್ವೆಯ ಒಂದು ಪ್ರಯೋಗದ ಬಗ್ಗೆ ಹೇಳುತ್ತೇನೆ. 2016ರಲ್ಲಿ ಪ್ರಕಟವಾಯಿತು. 23 ಕುದುರೆಗಳಿಗೆ ಮೂರು ಹಲಗೆಗಳ ಅರ್ಥ ಕಲಿಸಿದರು. ಅಡ್ಡ ಗೆರೆ ಇದ್ದರೆ ಕಂಬಳಿ ಹೊದಿಸಿ, ಉದ್ದ ಗೆರೆ ಇದ್ದರೆ ಕಂಬಳಿ ತೆಗೆಯಿರಿ, ಏನೂ ಇಲ್ಲದ ಹಲಗೆ ಅಂದರೆ ಈಗ ಇರುವ ಹಾಗೇ ಇರಲಿ. ಕುದುರೆ ಮೂತಿ ತಾಗಿಸಿ ತನಗೆ ಬೇಕಾದದ್ದನ್ನು ತೋರಿಸಬೇಕು. ಎಲ್ಲ ಕುದುರೆಗಳೂ ಕಲಿತವು. ಸುಮ್ಮನೆ ಯಾವುದೋ ಒಂದನ್ನು ಮುಟ್ಟಲಿಲ್ಲ. ಮಳೆ, ಗಾಳಿ, ಚಳಿ ಇದ್ದ ದಿನ ಕಂಬಳಿ ಕೇಳಿದವು. ಬಿಸಿಲಿದ್ದ ದಿನ ಬೇಡ ಅಂದವು. ಇದನ್ನು ಓದಿದ ದಿನ ನನಗೆ ಆದ ಖುಷಿ ಅಷ್ಟಿಷ್ಟಲ್ಲ. ನಾವು ಅವುಗಳಿಗೆ ಕಲಿಸುವ ಸನ್ನೆಗಳಲ್ಲಿ ಹೆಚ್ಚಿನವು ನಮ್ಮ ಮಾತು ಅವುಗಳಿಗೆ ತಿಳಿಯಲಿ ಅಂತ ಇರುವಂಥವು. ಅವುಗಳ ಮಾತು ನಮಗೆ ತಿಳಿಯಲಿ ಅಂತ ಕಲಿಸಿದರೆ ಅದನ್ನೂ ಕಲಿಯುತ್ತವೆ.

ಆಟಗಳಲ್ಲಿ ನನಗೆ ತುಂಬಾ ಬೆಲೆಯುಳ್ಳದ್ದು ಮಲಗುವುದು. ನೋಡುವವರಿಗೆ ಅದು ಅಷ್ಟೇನೂ ಹಿಡಿಸುವುದಿಲ್ಲ, ಟೋಪಿ ಎತ್ತುವುದಕ್ಕೇ ಚಪ್ಪಾಳೆ ಜಾಸ್ತಿ. ಆದರೆ ಯೋಚಿಸಿ ನೋಡಿ. ಕುದುರೆ ಬೇಟೆಗೆ ಸಿಕ್ಕುವ ಪ್ರಾಣಿ. ಓಡುವುದೇ ಅದರ ರಕ್ಷಣೆ. ನಿಂತೇ ತೂಕಡಿಸಲು ಬರುವ ಹಾಗೆ ಅದರ ಕಾಲಿನ ಕಟ್ಟು ಇದೆ. ಕನಸು ಕಾಣುವಂಥ ಗಾಢ ನಿದ್ದೆಗೆ ಮಾತ್ರ ಅದು ಮಲಗಲೇಬೇಕು, ಆ ಜಾಗದ ಮೇಲೆ ನಂಬಿಕೆ ಬರದಿದ್ದರೆ ಮಲಗುವುದೇ ಇಲ್ಲ. ಹಗ್ಗ ಕಟ್ಟಿ ಕಾಲೆಳೆದು ಮಲಗಿಸುವವರೂ ಇದ್ದಾರೆ. ಅದನ್ನು ನೋಡಿದರೆ ನನಗೆ ಸಂಕಟವಾಗುತ್ತದೆ. ನಾನು ಮಾಡಿದ್ದು ಇಷ್ಟೇ: ಅವಳು ಮರಳಿನಲ್ಲಿ ತಾನಾಗಿ ಹೊರಳಲು ಹೋದಾಗಲೆಲ್ಲ ಹತ್ತಿರ ಕೂತೆ, ಮಂಡಿ ಮಡಚಿದಾಗ ಟಕ್ ಅನ್ನಿಸಿದೆ. ತಿಂಗಳುಗಟ್ಟಲೆ ಹಿಡಿಯಿತು. ಈಗ ಅವಳು ಮಲಗಿದಾಗ ನಾನು ಪಕ್ಕದಲ್ಲಿ ಕೂತು ಅವಳ ಕತ್ತಿಗೆ ಒರಗುತ್ತೇನೆ. ಆಗಾಗ ತಿನಿಸು ಬೇಡ ಅನ್ನುತ್ತಾಳೆ, ಹಾಗೇ ಕಣ್ಣು ಮುಚ್ಚುತ್ತಾಳೆ. ತಿನ್ನೋ ಆಸೆಗೆ ಮಾಡ್ತಾಳಾ ಅಂತ ಕೇಳುವವರಿಗೆ ಇದನ್ನು ತೋರಿಸಬೇಕು ಅನ್ನಿಸುತ್ತದೆ. ಆದರೆ ಹೊಸಬರು ಇದ್ದಾಗ ಅವಳು ಅಷ್ಟು ಹೊತ್ತು ಮಲಗುವುದಿಲ್ಲ.

ಇಷ್ಟ ಅನ್ನುವುದಕ್ಕೆ ಇನ್ನೊಂದು ಮುಖ ಇದೆ. ಅವಳು ನನ್ನನ್ನು ಗಮನಿಸುವ ರೀತಿ. ನೂರಕ್ಕೂ ಹೆಚ್ಚು ವರ್ಷಗಳ ಹಿಂದೆ ಬರ್ಲಿನ್‌ನಲ್ಲಿ ಹಾನ್ಸ್ ಅನ್ನುವ ಕುದುರೆ ಇತ್ತು. ಅದರ ಯಜಮಾನ ವಿಲ್ಹೆಲ್ಮ್ ಫಾನ್ ಓಸ್ಟೆನ್ ಗಣಿತದ ಮೇಷ್ಟ್ರು. ಲೆಕ್ಕ ಕೇಳಿದರೆ ಹಾನ್ಸ್ ಗೊರಸು ಕುಟ್ಟಿ ಉತ್ತರ ಹೇಳುತ್ತಿತ್ತು. ಮೋಸ ಏನೂ ಇರಲಿಲ್ಲ. 1907ರಲ್ಲಿ ಮನೋವಿಜ್ಞಾನಿ ಆಸ್ಕರ್ ಫುಂಗ್‌ಸ್ಟ್ ಪರೀಕ್ಷೆ ಮಾಡಿದಾಗ ವಿಷಯ ಹೊರಬಿತ್ತು: ಕೇಳುವವರಿಗೇ ಉತ್ತರ ಗೊತ್ತಿಲ್ಲದಿದ್ದರೆ ಹಾನ್ಸ್‌ಗೂ ಗೊತ್ತಾಗುತ್ತಿರಲಿಲ್ಲ. ಸರಿಯಾದ ಸಂಖ್ಯೆ ಬಂದಾಗ ಕೇಳುವವರ ತಲೆ, ಅವರಿಗೇ ಅರಿವಿಲ್ಲದೆ, ಕೂದಲೆಳೆಯಷ್ಟು ಮೇಲಕ್ಕೆ ಏಳುತ್ತಿತ್ತು. ಹಾನ್ಸ್ ಅದನ್ನು ನೋಡಿ ಕುಟ್ಟುವುದು ನಿಲ್ಲಿಸುತ್ತಿತ್ತು.

ಈ ಕಥೆಯನ್ನು ತುಂಬಾ ಜನ 'ಕುದುರೆಗೆ ಲೆಕ್ಕ ಬರಲ್ಲ, ಅಷ್ಟೇ' ಅಂತ ಮುಗಿಸಿಬಿಡುತ್ತಾರೆ. ನನಗೆ ಅದು ಉಲ್ಟಾ ಕಾಣುತ್ತದೆ. ಲೆಕ್ಕ ಯಾರಿಗೆ ಬೇಕು? ಒಂದು ಪ್ರಾಣಿ ಮನುಷ್ಯನ ಮುಖವನ್ನು ಮನುಷ್ಯರಿಗಿಂತ ಸೂಕ್ಷ್ಮವಾಗಿ ಓದಿತಲ್ಲ, ಅದು ದೊಡ್ಡದು. ಮಲ್ಲಿಯೂ ಹಾಗೇ ಓದುತ್ತಾಳೆ. ನಾನು ಚಿಂತೆಯಲ್ಲಿ ಬಂದ ದಿನ ಅವಳ ಕಿವಿ ನನ್ನ ಕಡೆಯೇ ತಿರುಗಿರುತ್ತದೆ, ಆಟ ಕೂಡಿಬರುವುದಿಲ್ಲ. ಆಗ ಪೀಠ ಬದಿಗಿಟ್ಟು, ಅವಳ ಕತ್ತು ಮುಗಿದು ಬೆನ್ನು ಶುರುವಾಗುವ ಉಬ್ಬಿದ ಜಾಗವನ್ನು ಕೆರೆಯುತ್ತೇನೆ. ಕುದುರೆಗಳು ಒಂದಕ್ಕೊಂದು ಹಲ್ಲಿನಿಂದ ಕೆರೆದುಕೊಳ್ಳುವುದು ಅಲ್ಲೇ. ಅಲ್ಲಿ ಕೆರೆದರೆ ಕುದುರೆಯ ಎದೆಬಡಿತ ನಿಧಾನವಾಗುತ್ತದೆ, ಅದನ್ನು ಅಳೆದು ನೋಡಿದ್ದಾರೆ. ನನ್ನ ಎದೆಬಡಿತವನ್ನು ಯಾರೂ ಅಳೆದಿಲ್ಲ, ಆದರೆ ನಿಧಾನವಾಗುವುದು ನನಗೆ ಗೊತ್ತಾಗುತ್ತದೆ.

ಹಾನ್ಸ್ ಇದ್ದ ಕಾಲದಲ್ಲೇ ಅಮೆರಿಕದಲ್ಲಿ ಜಿಮ್ ಕೀ ಅನ್ನುವ ಕುದುರೆ ಹೆಸರು ಮಾಡಿತ್ತು. ಅದಕ್ಕೆ ಕಲಿಸಿದ ವಿಲಿಯಂ ಕೀ ಗುಲಾಮಗಿರಿಯಲ್ಲಿ ಹುಟ್ಟಿದವರು, ತಾವಾಗಿಯೇ ಪಶುವೈದ್ಯ ಕಲಿತವರು. ಚಾವಟಿ ಇಲ್ಲದೆ, ದಯೆಯಿಂದಲೇ ಕಲಿಸಿದೆ ಅಂತ ಅವರು ಹೋದಲ್ಲೆಲ್ಲ ಹೇಳುತ್ತಿದ್ದರು. ಆ ಕುದುರೆಯನ್ನು ನೋಡಿದ ಎಷ್ಟೋ ಮಕ್ಕಳು ಪ್ರಾಣಿಗಳಿಗೆ ಹಿಂಸೆ ಕೊಡುವುದಿಲ್ಲ ಅಂತ ಮಾತು ಕೊಟ್ಟರು. ಆಟದ ಕುದುರೆಯಿಂದ ಏನು ಉಪಯೋಗ ಅಂತ ಕೇಳುವವರಿಗೆ ನಾನು ಅವರ ಕಥೆ ಹೇಳುತ್ತೇನೆ.

ನಮ್ಮ ಮನೆಮಟ್ಟಿಗೆ ಉಪಯೋಗ ಬೇರೆಯೇ. ಗೊರಸನ್ನು ಆರರಿಂದ ಎಂಟು ವಾರಕ್ಕೊಮ್ಮೆ ಕತ್ತರಿಸಿ ಸರಿ ಮಾಡಬೇಕು. ಮಲ್ಲಿ ತಾನೇ ಕಾಲೆತ್ತಿ ಕೊಡುತ್ತಾಳೆ. ವೈದ್ಯರು ಸೂಜಿ ಹಿಡಿದು ಬಂದರೆ ಕತ್ತು ಒಡ್ಡಿ ನಿಲ್ಲುತ್ತಾಳೆ. ಅದೂ ಅವಳಿಗೆ ಒಂದು ಆಟವೇ, ಟಕ್ ಬರುತ್ತದಲ್ಲ! ಪೋನಿಗಳು ಚೆನ್ನಾಗಿ ನೋಡಿಕೊಂಡರೆ ಮೂವತ್ತು ವರ್ಷ ದಾಟಿಯೂ ಬದುಕುತ್ತವೆ. ಅಷ್ಟು ಉದ್ದದ ಬದುಕಿನಲ್ಲಿ ಔಷಧಿ, ಸೂಜಿ, ಗೊರಸು, ಹಲ್ಲು ಎಲ್ಲ ಇದ್ದದ್ದೇ. ಹೆದರಿಕೆಯಿಲ್ಲದೆ ಅದೆಲ್ಲ ಆಗುವುದು ಎಷ್ಟು ದೊಡ್ಡ ನೆಮ್ಮದಿ ಅಂತ ಸಾಕಿದವರಿಗೇ ಗೊತ್ತು.

ಕಲಿಸದೆ ಬಿಟ್ಟದ್ದೂ ಇದೆ. ಹಿಂಗಾಲ ಮೇಲೆ ಎದ್ದು ನಿಲ್ಲುವುದನ್ನು ಕಲಿಸಿಲ್ಲ, ಕಲಿಸುವುದೂ ಇಲ್ಲ. ಅವಳು ಖುಷಿಗೆ ಮಗುವಿನ ಮುಂದೆ ಎದ್ದು ನಿಂತರೆ? ಗೊರಸು ಗೊರಸೇ. ಅವಳಿಗೆ ವಯಸ್ಸಾಗುತ್ತಿರುವುದರಿಂದ ಈಚೆಗೆ ಬಾಗಿ ವಂದಿಸುವುದನ್ನೂ ಕಡಿಮೆ ಮಾಡಿದ್ದೇನೆ. ಅವಳೇ ಶುರು ಮಾಡಿದರೆ ಅರ್ಧಕ್ಕೇ ಟಕ್ ಅನ್ನಿಸುತ್ತೇನೆ. ಕೀಲಿಗೆ ಭಾರ ಬೇಡ.

ಅದರ ಬದಲು ಈಗ ಬಣ್ಣದ ಪಾಠ ಶುರುವಾಗಿದೆ. ಕುದುರೆಗಳ ಕಣ್ಣಿಗೆ ಕೆಂಪು ಮತ್ತು ಹಸಿರಿನ ನಡುವೆ ವ್ಯತ್ಯಾಸ ಸರಿಯಾಗಿ ಕಾಣುವುದಿಲ್ಲ, ನೀಲಿ ಹಳದಿ ಚೆನ್ನಾಗಿ ಕಾಣುತ್ತವೆ. ಹಾಗಾಗಿ ಒಂದು ನೀಲಿ ಚೆಂಡು, ಒಂದು ಹಳದಿ ಚೆಂಡು. ನೀಲಿ ಅಂದರೆ ನೀಲಿಯನ್ನು ಮೂತಿಯಿಂದ ಮುಟ್ಟಬೇಕು. ಹಾನ್ಸ್‌ನ ಕಥೆ ನೆನಪಿಟ್ಟುಕೊಂಡು, ಹೇಳಿದ ತಕ್ಷಣ ನಾನು ಬೆನ್ನು ತಿರುಗಿಸಿ ನಿಲ್ಲುತ್ತೇನೆ. ಸ್ನೇಹಿತೆಯೊಬ್ಬಳು ದೂರದಿಂದ ನೋಡಿ ಸರಿಯೋ ತಪ್ಪೋ ಹೇಳುತ್ತಾಳೆ. ನೀಲಿ ಅಂದಾಗ ಮಲ್ಲಿ ಹೆಚ್ಚು ಸಲ ಸರಿ. ಹಳದಿ ಅಂದಾಗಲೂ ಎಷ್ಟೋ ಸಲ ನೀಲಿಗೇ ಹೋಗುತ್ತಾಳೆ. ಮಾತು ತಿಳಿದಿಲ್ಲವೋ, ನೀಲಿ ಚೆಂಡೇ ಜಾಸ್ತಿ ಇಷ್ಟವೋ? ಬರುವ ವಾರ ಎರಡೂ ಚೆಂಡುಗಳ ಜಾಗ ಬದಲಿಸಿ ನೋಡಬೇಕು ಅಂತ ಇದ್ದೇನೆ.